ಮಾವನ ನಗು

ಮುಖವೆಂಬುದು ಆತ್ಮದ ಕನ್ನಡಿ ಎಂದು ಹಿರಿಯರು ಅಪ್ಪಣೆ ಕೊಡಿಸಿದ್ದಾರೆ. ಆ ಹಿರಿಯರು ಯಾರೂ ಬೀಡಿ ಮಾರಿದವರಲ್ಲ.

ಮೊನ್ನೆ ಅತ್ತೆಯ ತಗಡಿನ ಪೆಟ್ಟಿಗೆ ತೆರೆದೆ. ಅತ್ತೆ ಹೋಗಿ ವರ್ಷಗಳಾದವು. ಹೊಗೆಸೊಪ್ಪಿನ ವಾಸನೆ ಹೋಗಿಲ್ಲ. ಮುಚ್ಚಳದ ಒಳಗೆ ಒಂದು ಬೀಡಿ ಲೇಬಲ್ಲು ಅಂಟಿಸಿತ್ತು. ಅದರಲ್ಲಿ ಅತ್ತೆಯ ಗಂಡ, ನನ್ನ ಸೋದರಮಾವ ನಗುತ್ತಿದ್ದರು. ಮಾವನನ್ನು ನೀವು ಕಂಡಿದ್ದರೆ ನನ್ನಂತೆ ನೆಲಕ್ಕೆ ಕುಳಿತುಬಿಡುತ್ತಿದ್ದಿರಿ.

ಐವತ್ತರ ದಶಕದ ಕೊನೆಗೆ ಮಾವ ಮೂಡಬಿದ್ರೆಯಲ್ಲಿ ಬೀಡಿ ಬ್ರಾಂಚು ತೆರೆದರು; ಊರ ಹೆಂಗಸರಿಗೆ ಎಲೆ, ಹೊಗೆಸೊಪ್ಪು ಕೊಟ್ಟು ಬೀಡಿ ಕಟ್ಟಿಸುವ ವ್ಯಾಪಾರ. ನಾನು ಬಿ.ಎ. ಫೇಲಾಗಿ ಅವರಿಗೆ ಸಲಹೆಗಾರನಾಗಿದ್ದೆ; ಸಲಹೆ ಯಾರೂ ಕೇಳುತ್ತಿರಲಿಲ್ಲ. ಸೇದುವವರಲ್ಲಿ ಹೆಚ್ಚಿನವರಿಗೆ ಓದು ಬಾರದ್ದರಿಂದ ಲೇಬಲ್ಲಿನ ಚಿತ್ರವೇ ಬೀಡಿಯ ಹೆಸರು. ಬೋರ್ಡು ಬರೆಯುವ ಶೀನಪ್ಪನನ್ನು ಕರೆಸಿ ಮಾವ ಹುಲಿ ಬರೆಯಲು ಹೇಳಿದರು.

"ಹುಲಿ ಇನ್ನೊಬ್ಬರದ್ದು ಉಂಟು ದನಿಗಳೇ. ನವಿಲೂ ಉಂಟು. ನಿಮ್ಮ ಮುಖ ಮಾತ್ರ ಯಾರ ಹತ್ತಿರವೂ ಇಲ್ಲ" ಎಂದ ಶೀನಪ್ಪ. ಯಜಮಾನರನ್ನು ನಮ್ಮ ಕಡೆ ದನಿಗಳು ಎನ್ನುವುದು.

ಹುಬ್ಬು ಗಂಟಿಕ್ಕಿದ ಆ ಮುಖ ಅಚ್ಚಾಗಿ ಬೆಳ್ತಂಗಡಿಯವರೆಗೆ ಹೋಯಿತು. "ಕೋಪದ ದನಿಗಳದ್ದು ಒಂದು ಕಟ್ಟು ಕೊಡಿ" ಎಂದು ಜನ ಕೇಳತೊಡಗಿದರು. ಅದು ಮಾವನ ಕಿವಿಗೆ ಬಿತ್ತು. ಬಂಟ್ವಾಳದ ಏಜೆಂಟನೂ ಸೇರಿಸಿದ: "ಅಂಗಡಿಗೆ ಬಂದ ಮಕ್ಕಳು ಹೆದರುತ್ತಾರೆ ಮಾರಾಯ್ರೆ." ಮಕ್ಕಳು ಬೀಡಿ ಸೇದುವುದಿಲ್ಲವೆಂಬುದು ಯಾರಿಗೂ ಹೊಳೆಯಲಿಲ್ಲ.

"ಕಾಗದದ ಮೇಲಾದರೂ ಒಮ್ಮೆ ನಗಿ" ಎಂದರು ಅತ್ತೆ.

ಶೀನಪ್ಪ ತುಟಿಯನ್ನು ಎರಡೂ ಕಡೆ ಸ್ವಲ್ಪ ಮೇಲೆಳೆದ. ಮಳೆಗಾಲಕ್ಕೆ ಮುಂಚೆ ಇಡೀ ದಾಸ್ತಾನಿಗೆ ನಗುವ ಲೇಬಲ್ಲು ಬಿತ್ತು.

ಮೊದಲು ಬೆಳ್ತಂಗಡಿಯಿಂದ ಮಾಲು ವಾಪಸು ಬಂತು. ಆಮೇಲೆ ಮಾಣಿ ಪೇಟೆಯಿಂದ. ಕಟ್ಟುಗಳು ಗೋಡೆಗೆ ಒರಗಿ ಸೂರು ಮುಟ್ಟಿದವು. ಬೀಡಿ ಕಟ್ಟುವ ಹೆಂಗಸರು ಖಾಲಿ ಗೆರಸೆ ಹಿಡಿದು ಜಗಲಿಯಲ್ಲಿ ಕಾದರು. "ಇದು ಖರ್ಚಾಗದೆ ಹೊಸ ಎಲೆ ಇಲ್ಲ" ಎಂದರು ಮಾವ. ಜಡಿಮಳೆಯ ಆಟಿ ತಿಂಗಳು, ಆ ಮನೆಗಳಲ್ಲಿ ಬೇರೆ ಸಂಪಾದನೆ ಇರಲಿಲ್ಲ. ಯಾರೂ ಎದ್ದು ಹೋಗಲಿಲ್ಲ.

ಮರುದಿನ ಕಾರಣ ತಿಳಿಯಲು ಮಾವ ನನ್ನನ್ನು ಕರೆದುಕೊಂಡು ಬಿ.ಸಿ.ರೋಡಿನ ಒಂದು ಅಂಗಡಿಯಲ್ಲಿ ಹೋಗಿ ಕುಳಿತರು. ಗಾಡಿ ಹೊಡೆಯುವವನೊಬ್ಬ ಬಂದು ಕಟ್ಟನ್ನು ಬೆಳಕಿಗೆ ಹಿಡಿದು ನೋಡಿ ಹಿಂದಕ್ಕಿಟ್ಟ.

"ಇದು ಡೂಪ್ಲಿಕೇಟು. ಕೋಪದ ದನಿಗಳು ನಗುವ ಜನ ಅಲ್ಲ."

"ನಾನೇ ಆ ಜನ" ಎಂದರು ಮಾವ.

ಅವನು ಲೇಬಲ್ಲನ್ನೂ ಮಾವನನ್ನೂ ಹೋಲಿಸಿದ. "ಹಾಗಾದರೆ ಒಮ್ಮೆ ನಗಿ, ನೋಡುವ."

ಅಂಗಡಿಯಲ್ಲಿದ್ದವರೆಲ್ಲ ಮಾವನ ಕಡೆ ತಿರುಗಿದರು. ನನಗೆ ಜಗಲಿಯ ಗೆರಸೆಗಳು ನೆನಪಾದವು. ಮಾವ ನಿಜವಾಗಿ ಪ್ರಯತ್ನಿಸಿದರು. ಕೆನ್ನೆ ಅದುರಿತು, ಹಲ್ಲು ಒಂದಿಷ್ಟು ಕಂಡಿತು. ಮರುಕ್ಷಣ ಹುಬ್ಬುಗಳು ತಮ್ಮ ಜಾಗಕ್ಕೆ ಬಂದು ಗಂಟು ಹಾಕಿಕೊಂಡವು.

ಗಾಡಿಯವ ತಟ್ಟನೆ ತಲೆಯ ಮುಂಡಾಸು ತೆಗೆದ. "ತಪ್ಪಾಯಿತು ದನಿಗಳೇ, ನೀವೇ. ಆದರೆ ನಿಮ್ಮ ಹೆಸರಲ್ಲಿ ಯಾರೋ ಕಳ್ಳಮಾಲು ಮಾಡ್ತಾ ಇದ್ದಾರೆ. ಬಿಡಬೇಡಿ ಅವರನ್ನು."

ಬಸ್ಸಿನಲ್ಲಿ ಮನೆ ಹತ್ತಿರವಾದಾಗ ಮಾವ ಕೇಳಿದರು: "ನಾನು ನಕ್ಕರೆ ಅಷ್ಟು ಸುಳ್ಳು ಕಾಣ್ತದಾ?" ನಾನು ಸಲಹೆಗಾರ, ಕಿಟಕಿಯ ಹೊರಗೆ ನೋಡಿದೆ.

ಹಳೆಯ ಮುಖ ಮತ್ತೆ ಅಚ್ಚಾಯಿತು. ಕಟ್ಟುಗಳ ಲೇಬಲ್ಲು ಬದಲಾಗಿ ಮಾಲು ಹೋಯಿತು, ಹೆಂಗಸರಿಗೆ ಎಲೆ ಸಿಕ್ಕಿತು. ನಗುವ ಲೇಬಲ್ಲುಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಲು ಮಾವ ಅತ್ತೆಗೆ ಹೇಳಿದರು. ಎಲ್ಲವೂ ಬೂದಿಯಾದವೆಂದು ಮೊನ್ನೆಯವರೆಗೆ ನಾನು ನಂಬಿದ್ದೆ.

ಒಂದನ್ನು ಅತ್ತೆ ಹಾಕಿರಲಿಲ್ಲ.