ಪುಟ್ಟಬಸವಯ್ಯನನ್ನು ಕೆಣಕಿದ ಚಳಿ

ನಮ್ಮ ಹದಿನಾರು ಗ್ರಾಮದ ಪುಟ್ಟಬಸವಯ್ಯನಿಗೆ ಮೂಗಿನ ತುದಿಯಲ್ಲೇ ಕೋಪ. ಯಾರಾದರೂ ಏಕವಚನದಲ್ಲಿ ಕರೆದರೆ ಆ ದಿನ ಅವನಿಗೆ ಊಟ ಸೇರುವುದಿಲ್ಲ. ಓರಗೆಯವನೂ ಪಕ್ಕದ ಮನೆಯವನೂ ಆದ ನನಗೆ ಮಾತ್ರ ಮಾಫಿ.

ಈ ಸಲ ಕಾರ್ತಿಕದಲ್ಲಿ ಅವನಿಗಿದ್ದದ್ದು ಒಂದೇ ಚಿಂತೆ. ಸೋಮನಾಥಪುರಕ್ಕೆ ಕೊಟ್ಟ ಮಗಳು ಶಿವರಂಜನಿ ಬಸುರಿ. ಅನ್ನದ ವಾಸನೆಗೇ ವಾಂತಿ, ಹುಡುಗಿ ಕಡ್ಡಿಯಾಗಿದ್ದಳು. ಅವಳ ನಾಲಿಗೆ ಬೇಡಿದ್ದು ಅಪ್ಪನ ಹೊಲದ ಸೊಗಡವರೆಯ ಹಿತಕಿದ ಬೇಳೆ ಸಾರು. ಹೊಲದಲ್ಲಿ ಕಾಯಿ ತುಂಬಿತ್ತು. ಆದರೆ ಚಳಿ ಬಿದ್ದು ಇಬ್ಬನಿಯಲ್ಲಿ ನೆನೆದ ಮೇಲೇ ಅವರೆಗೆ ಸೊಗಡು ಹತ್ತುವುದು. ಚಳಿಯ ಸುಳಿವೇ ಇರಲಿಲ್ಲ.

ಆಗಲೇ ಕೃಷಿ ಇಲಾಖೆಯ ಮದನ್ ಸಮುದಾಯ ಭವನಕ್ಕೆ ಬಂದು ಹವಾಮಾನದ ವಿಷಯ ಮಾತಾಡಿದ್ದು. ದೂರದ ಪೆಸಿಫಿಕ್ ಸಾಗರದ ನೀರು ತಣ್ಣಗಾದರೆ ಗಾಳಿಯ ಹಾದಿ ಬದಲಾಗುತ್ತದೆ, ಅಂಥ ವರ್ಷ ನಮ್ಮ ಕಡೆಯೂ ಚಳಿ ಹೆಚ್ಚಬಹುದು, ಅವರೆ ಕೀಳಲು ಸ್ವಲ್ಪ ಕಾಯಿರಿ ಎಂದ. ಪುಟ್ಟಬಸವಯ್ಯ ಎದ್ದು, ಹಾಗಾದರೆ ಈ ಸಲ ಚಳಿ ತರುವವರು ಯಾರು ಎಂದು ಕೇಳಿದ.

"ಲಾ ನೀನಾ," ಎಂದ ಮದನ್.

"ನಿಮ್ಮಪ್ಪನ ವಯಸ್ಸು ಕಣಯ್ಯ ನಂದು. ನನ್ನೇ ಲಾ ಅಂತೀಯಾ?"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅದು ಅವನ ಸಿಟ್ಟಿಗೆ ತುಪ್ಪ ಸುರಿದ ಹಾಗಾಯಿತು. ಮದನ್ ಕಾಯಿರಿ ಎಂದನಲ್ಲ, ಇವತ್ತೇ ಎಲ್ಲ ಕೀಳುತ್ತೇನೆ ಎಂದು ಟವೆಲ್ ಕೊಡವಿ ಹೊಲಕ್ಕೆ ಹೊರಟ.

ಹೆಂಡತಿ ಚನ್ನಾಜಮ್ಮ ಹಿಂದೆಯೇ ಓಡಿ ಅವರೆ ಸಾಲಿಗೆ ಅಡ್ಡ ನಿಂತಳು.

"ಅದು ಸಮುದ್ರ ತಣ್ಣಗಾಗೋದ್ರ ಹೆಸ್ರು ಕಣ್ರೀ, ನಿಮ್ಮನ್ನ ಅಂದುದ್ದಲ್ಲ. ಬಿಸಿಯಾದ್ರೆ ಎಲ್ ನಿನೋ ಅಂತಾರಂತೆ. ಆ ವರ್ಸ ಎಲ್ ನೀನೋ ಅಂತ ಕೂಗುದ್ರೂ ಚಳಿ ಬರಲ್ಲ, ಅವರೆ ಸಪ್ಪೆ. ಈಗ್ಲೇ ಕಿತ್ರೆ ಮಗೀಗೆ ಏನ್ ಕೊಟ್ಟೀರಿ?"

ಮಗಳ ಮಾತು ಬಂದದ್ದೇ ಕಾಯಿಗೆ ಚಾಚಿದ್ದ ಅವನ ಕೈ ಕೆಳಗಿಳಿಯಿತು. ಅಲ್ಲಿಂದ ದಿನಾ ಬೆಳಿಗ್ಗೆ ಹೊಲಕ್ಕೆ ಹೋಗಿ ಕಾಯಿ ಮೂಸುವುದೇ ಅವನ ಕೆಲಸ. ಸಮುದ್ರದ ಲೆಕ್ಕ ಪ್ರತಿ ವರ್ಷ ಸರಿಬರುವುದಿಲ್ಲ ಎಂದು ಮದನ್ನೇ ಹೇಳಿದ್ದ. ನನಗೂ ಒಳಗೊಳಗೇ ಭಯ. ಮಾರ್ಗಶಿರದಲ್ಲಿ ಚಳಿ ಬಂತು. ಕೆರೆಯ ಮೇಲೆ ಮಂಜು ಕವಿದು ಆಚೆ ದಡ ಕಾಣದಾಯಿತು. ಕಾಯಿ ಮುಟ್ಟಿದರೆ ಬೆರಳೆಲ್ಲ ಸೊಗಡು.

ಕಾಯಿ ಕಿತ್ತು ಚೀಲಕ್ಕೆ ತುಂಬಿ ಗಂಡ, ಹೆಂಡತಿ, ನಾನು ಮೂವರೂ ಸೋಮನಾಥಪುರದ ಬಸ್ಸು ಹತ್ತಿದೆವು. ಚೀಲದ ಬಾಯಿ ಬಿಗಿದಿದ್ದರೂ ಕಂಡಕ್ಟರ್ ಅವರೆಕಾಯಾ ಎಂದು ಕೇಳಿದ.

ಚನ್ನಾಜಮ್ಮ ಬೀಗರ ಮನೆಯಲ್ಲೇ ಬೇಳೆ ಹಿತಕಿ ಸಾರು ಮಾಡಿದಳು. ಶಿವರಂಜನಿ ಮೊದಲ ತುತ್ತು ಬಾಯಿಗಿಟ್ಟಾಗ ನಾವ್ಯಾರೂ ಉಣ್ಣಲಿಲ್ಲ. ಅವಳು ನುಂಗಿದಳು. ಇನ್ನೊಂದು ತುತ್ತು ತಿಂದಳು. ಮುದ್ದೆ ಪೂರ್ತಿ ಮುಗಿಸಿ ಇನ್ನಷ್ಟು ಸಾರಿಗೆ ತಟ್ಟೆ ಮುಂದೆ ನೂಕಿದಳು.

ಮದುವೆಯಾದಾಗಿನಿಂದ ಸೌಟು ಮುಟ್ಟದ ಪುಟ್ಟಬಸವಯ್ಯ, ಬೀಗರೆಲ್ಲ ನೋಡುತ್ತಿದ್ದ ಹಾಗೆಯೇ ಎದ್ದು, ಹೆಂಡತಿಯ ಕೈಯಿಂದ ಅದನ್ನು ತೆಗೆದುಕೊಂಡು ಮಗಳಿಗೆ ಬಡಿಸಿದ.

"ಉಣ್ಣವ್ವ," ಎಂದ, "ಇನ್ನೂ ಅದೆ."