ಗೋಡೆ ಸವರಿದ ಹನುಮಂತಯ್ಯ

ಪೀ ಎಂದು ಸೀಟಿ ಕೂಗಿತು. ಪೀಣ್ಯದ ವರ್ಕ್‌ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ಸೀಟಿಗೆ ಕೂತು ಸೀಟಿಗೆ ಎದ್ದ ಹನುಮಂತಯ್ಯ, ಊಟದ ಹೊತ್ತಾಯಿತೇನೋ ಎಂಬಂತೆ ಕೆಲಸದಿಂದ ಕೈ ತೆಗೆದ. ಕೆಲಸವೆಂದರೆ, ಅಂಗ್ಕೋರ್ ವಾಟ್ ಗುಡಿಯ ಗೋಡೆಯನ್ನು ಅಂಗೈಯಿಂದ ಸವರುವುದು. ಸೀಟಿ ಊದಿದ ಕಾವಲಿನವನು ಬೆರಳಾಡಿಸುತ್ತಾ ಬಂದೇಬಿಟ್ಟ.

"ಅಂಕಲ್, ಕೆತ್ತನೆ ಮುಟ್ಟಬಾರ್ದು ಅಂತ ಬಸ್ಸಲ್ಲೇ ಹೇಳಿದ್ನಲ್ಲಾ," ಎಂದಳು ಪ್ರವಾಸಿ ತಂಡವನ್ನು ಬೆಂಗಳೂರಿನಿಂದ ಕರೆತಂದಿದ್ದ ಶ್ಯಾಮಲಾ.

"ಮುಟ್ಲಿಲ್ಲಮ್ಮಾ, ನೋಡ್ದೆ."

"ಕೈಯಲ್ಲಿ ಯಾರಾದ್ರೂ ನೋಡ್ತಾರಾ?"

"ಇವ್ರು ನೋಡ್ತಾರೆ," ಎಂದಳು ಅವನ ಹೆಂಡತಿ ಲಕ್ಷ್ಮಮ್ಮ. "ನನ್ನ ಹೆಣ್ಣು ನೋಡಕ್ ಬಂದಾಗ್ಲೂ ನಮ್ಮನೆ ಜಗಲಿ ಚಪ್ಪಡಿನೇ ಸವರ್ತಾ ಕೂತಿದ್ರು. ಪಾಪ ಏನೋ ಕಳ್ಕೊಂಡವ್ರೆ ಅಂತ ನಮ್ಮಪ್ಪಾನೂ ಹುಡುಕಕ್ ಕೂತ."

ಮಾದನಾಯಕನಹಳ್ಳಿಯ ಹನುಮಂತಯ್ಯ ತನ್ನ ಕೆಲಸ ಹೇಳಿದರೆ ನೆಂಟರು ನಗುತ್ತಿದ್ದರು. ಕಲ್ಲಿನಿಂದ ಕಲ್ಲು ಉಜ್ಜುವುದು. ಕಾರ್ಖಾನೆಯವರು ತಾವು ಮಾಡಿದ ಬಿಡಿಭಾಗ ನೆಟ್ಟಗಿದೆಯೋ ಇಲ್ಲವೋ ಎಂದು ಇಟ್ಟು ನೋಡಲು ಕಪ್ಪು ಕಲ್ಲಿನ ಹಾಸೊಂದನ್ನು ಬಳಸುತ್ತಾರೆ. ಅದಕ್ಕೆ ಸರ್ಫೇಸ್ ಪ್ಲೇಟ್ ಎನ್ನುತ್ತಾರೆ. ಮೂರು ಕಲ್ಲು ಇಟ್ಟುಕೊಂಡು, ಒಂದರ ಮೇಲೊಂದನ್ನು ಸರದಿಯಂತೆ ಉಜ್ಜಿ ಅದನ್ನು ಸಮ ಮಾಡಬೇಕು. ಎರಡೇ ಆದರೆ ಒಂದರ ಉಬ್ಬನ್ನು ಇನ್ನೊಂದರ ತಗ್ಗು ಮುಚ್ಚಿಟ್ಟುಕೊಳ್ಳುತ್ತದೆ. ಮೂರನೆಯದು ಬಂದರೆ ಸುಳ್ಳು ನಿಲ್ಲುವುದಿಲ್ಲ. ಅಳೆಯುವ ಯಂತ್ರ ತರುವ ಮೊದಲೇ ಹನುಮಂತಯ್ಯ ಅಂಗೈ ಆಡಿಸಿ, ಇಲ್ಲಿ ಕೂದಲೆಳೆಯ ಕಾಲುಭಾಗ ಏರಿದೆ ಅನ್ನುತ್ತಿದ್ದ. ಯಂತ್ರ ಬಂದು ಹೌದೆನ್ನುತ್ತಿತ್ತು.

ಆ ಕೈಗೆ ಹೋದ ಯುಗಾದಿಯಿಂದ ಜೋಮು. ಬೆರಳ ತುದಿಗೆಲ್ಲ ಹತ್ತಿ ಸುತ್ತಿದಂತೆ. ಬೆಳಿಗ್ಗೆ ಅಂಗಿಯ ಗುಂಡಿ ತಡಕುತ್ತಾ ನಿಂತರೆ ಲಕ್ಷ್ಮಮ್ಮ ಬಂದು, ನೀರು ಬಂದಿಲ್ಲವೆಂದೋ ಹಾಲು ಒಡೆಯಿತೆಂದೋ ಹೇಳುತ್ತಾ ಗುಂಡಿ ಹಾಕಿ ಹೋಗುತ್ತಿದ್ದಳು. ಜೋಮಿನ ವಿಷಯ ಅವನು ಅವಳಿಗೂ ಹೇಳಿರಲಿಲ್ಲ.

ವರ್ಕ್‌ಶಾಪಿನ ಯಜಮಾನರ ಮಗ ಭಾನುಪ್ರಕಾಶನಿಗಂತೂ ಇದೊಂದೂ ತಿಳಿಯದು. ಒಂದಾಳುದ್ದದ ಮೂರು ಪ್ಲೇಟು ಬೇಕೆಂದು ಹೊಸ ಕಾರ್ಖಾನೆಯವರು ಅವನ ಬಳಿ ಬಂದಿದ್ದರು. "ನೀವು ಮಾಡ್ಕೊಡೋದಾದ್ರೆ ಮಾತ್ರ ಒಪ್ಕೋತೀನಿ ಹನುಮಂತಣ್ಣ. ಅಕ್ಕನ್ನ ಕರ್ಕೊಂಡು ನಾಲ್ಕು ದಿನ ಕಲ್ಲಿನ ಗುಡಿ ನೋಡ್ಕೊಂಡ್ ಬನ್ನಿ. ಶುಕ್ರವಾರದೊಳಗೆ ಹೂಂ ಅಂದ್ಬಿಡಿ ಸಾಕು," ಎಂದು ಟಿಕೆಟ್ಟು ಕೈಗಿಟ್ಟಿದ್ದ.

ಕಾಂಬೋಡಿಯಾದ ಗುಡಿಗಳಲ್ಲಿ ಗಾರೆಯೇ ಇಲ್ಲ, ಕಲ್ಲಿಗೆ ಕಲ್ಲು ಉಜ್ಜಿ ಕೂರಿಸಿದ್ದಾರೆ ಎಂದು ಶ್ಯಾಮಲಾ ವಿಮಾನದಲ್ಲಿ ಹೇಳಿದಾಗ ಹನುಮಂತಯ್ಯ ನೆಟ್ಟಗೆ ಕೂತ. ಇದು ತನ್ನದೇ ಕೆಲಸ. ಅಂಥ ಸಂದು ಈ ಕೈಗೆ ಸಿಕ್ಕರೆ ಭಾನುವಿಗೆ ಹೂಂ ಅನ್ನುವುದು, ಸಿಗದಿದ್ದರೆ ಇಲ್ಲ ಎಂದು ಅಲ್ಲೇ ನಿಶ್ಚಯ ಮಾಡಿಕೊಂಡ.

ಶುಕ್ರವಾರ ಬೆಳಿಗ್ಗೆ ತಂಡ ತಾ ಕೇಯೋ ಎಂಬಲ್ಲಿಗೆ ಹೋಯಿತು. ಕೆತ್ತುವ ಕೆಲಸ ಶುರುವಾಗುತ್ತಿದ್ದಂತೆ ನಿಂತುಹೋದ ಶಿವನ ಗುಡಿ. ಗೋಡೆಗಳು ಹೆಚ್ಚಾಗಿ ಬೋಳು. ಉಳಿದವರು ಕಡಿದಾದ ಮೆಟ್ಟಿಲು ಹತ್ತಿದರು. ಲಕ್ಷ್ಮಮ್ಮನ ಮಂಡಿ ಒಪ್ಪಲಿಲ್ಲ. ಅವಳಿಗೆ ಜೊತೆಯೆಂಬ ನೆಪದಲ್ಲಿ ಹನುಮಂತಯ್ಯನೂ ಕೆಳಗೇ ಉಳಿದ.

ಮಳೆಗಾಳಿ ತಾಕದ ಬಾಗಿಲ ಒಳಗೋಡೆಯಲ್ಲಿ ಒಂದು ಸಂದು ಆರಿಸಿಕೊಂಡ. ಕಣ್ಣು ಮುಚ್ಚಿ ಅಂಗೈ ಆಡಿಸಿದ. ಮತ್ತೊಮ್ಮೆ, ನಿಧಾನವಾಗಿ. ಗೋಡೆಯೆಲ್ಲ ಒಂದೇ ಕಲ್ಲಾಗಿತ್ತು. ಕಣ್ಣು ಬಿಟ್ಟರೆ ಸಂದು ಅಲ್ಲೇ ಇತ್ತು, ಬೆರಳ ಕೆಳಗೇ. ಇಷ್ಟು ಚೆನ್ನಾಗಿ ಕೂರಿಸಿದ್ದನ್ನು ಯಾವ ಕೈ ತಾನೇ ಹಿಡಿದೀತು ಎಂದುಕೊಂಡ. ಅರೆಗಳಿಗೆ ಆ ಮಾತು ಹಿತವಾಗಿತ್ತು. ಆಮೇಲೆ ಹಿತವಾಗಲಿಲ್ಲ.

"ಲಕ್ಷ್ಮೀ, ಬಾ ಇಲ್ಲಿ. ಕಣ್ ಮುಚ್ಕೊಂಡು ಇದನ್ನ ಸವರು."

"ನಂಗೂ ಸೀಟಿ ಊದಿಸ್ತೀರಾ?"

"ಬಾರೇ. ನಾನೂ ಗೋಡೆನೂ ಇಬ್ರೇ ಆದ್ರೆ ಒಬ್ರ ಸುಳ್ಳು ಒಬ್ರು ಮುಚ್ಕೊಂಬುಡ್ತೀವಿ."

ಅವಳು ಸೆರಗಿಗೆ ಕೈ ಒರೆಸಿಕೊಂಡು, ದೇವರ ಮುಂದೆ ನಿಂತವಳಂತೆ ಕಣ್ಣು ಮುಚ್ಚಿ ಗೋಡೆ ಸವರಿದಳು. "ಇಲ್ಲೊಂದ್ ಗೆರೆ ಐತೆ. ಇಲ್ಲಿಂದಾಚೆಗೆ ಕಲ್ಲು ಚೂರು ತಗ್ಗು. ಹೂ ಕಟ್ಟೋ ದಾರದಷ್ಟು. ಕೆಟ್ಟ ಕೆಲ್ಸ ಅಲ್ವಾ?"

"ಸಾವಿರ ವರ್ಷದ ಮೇಲೆ ಅಷ್ಟೇ ತಗ್ಗು ಅಂದ್ರೆ ಒಳ್ಳೇ ಕೆಲ್ಸ ಕಣೇ."

"ನಿಮ್ಗೆ?"

"ನಂಗೆ ಸಿಗ್ಲಿಲ್ಲ."

ಲಕ್ಷ್ಮಮ್ಮ ಅವನ ಕೈ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಒತ್ತಿದಳು. "ಯುಗಾದಿಯಿಂದ ಕಾಯ್ತಾ ಇವ್ನಿ, ಯಾವಾಗ ಯೋಳ್ತೀರೋ ಅಂತ. ಅಡುಗೆಮನೇಲಿ ನಿಂತು ಯೋಳಿದ್ರೆ ನಂಗೆ ಕೇಳಿಸ್ತಿರ್ಲಿಲ್ವಾ? ಇಷ್ಟು ದೂರ ವಿಮಾನ ಹತ್ತಿಸ್ಕೊಂಡು ಬಂದು ಯೋಳ್ಬೇಕಿತ್ತಾ?"

ಅವನು ಆ ಕೈ ಬಿಡಿಸಿಕೊಳ್ಳಲಿಲ್ಲ. ಎಡಗೈಯಲ್ಲೇ ಫೋನು ತೆಗೆದು ಭಾನುಪ್ರಕಾಶನಿಗೆ ಮಾಡಿದ.

"ಹೂಂ ತಾನೇ ಹನುಮಂತಣ್ಣ?"

"ಇಲ್ಲ ಭಾನು ಸಾರ್. ನನ್ ಕೈ ಹೋಗೈತೆ. ಜೋಮು."

"ಡಾಕ್ಟ್ರಿಗೆ ತೋರ್ಸೋಣ ಬನ್ನಿ ಅಣ್ಣ. ವಾಸಿಯಾಗೋವರ್ಗೂ ನೀವು ಸುಮ್ನೆ ಪಕ್ಕದಲ್ಲಿ ಕೂತಿರಿ, ಸಾಕು."

"ಕೂತ್ಕೋತೀನಿ. ಹುಡುಗ್ರಿಗೆ ಯೋಳ್ಕೊಡ್ತೀನಿ. ಆದ್ರೆ ಪ್ಲೇಟು ಸರಿ ಐತೆ ಅಂತ ನನ್ ಕೈಲಿ ಯೋಳಿಸ್ಬೇಡಿ. ಅದಕ್ ಬೇರೆ ಕೈ ಹುಡುಕಿ."

"ಅಂಥ ಕೈನ ಈ ಪೀಣ್ಯದಲ್ಲಿ ಎಲ್ಲಿ ಅಂತ ಹುಡುಕ್ಲಿ ಅಣ್ಣ?"

"ಒಂದು ಇಲ್ಲೇ ಐತೆ. ಮಾತಾಡಿ," ಎಂದು ಹನುಮಂತಯ್ಯ ಫೋನನ್ನು ಹೆಂಡತಿಯ ಕೈಗೆ ಕೊಟ್ಟ.

"ನಾನಾ?" ಲಕ್ಷ್ಮಮ್ಮ ಫೋನನ್ನು ಕಿವಿಗಿಟ್ಟುಕೊಂಡಳು. "ಭಾನಣ್ಣಾ, ಇವ್ರ್ ಮಾತು ಕಟ್ಕೋಬೇಡಿ, ನಾನು ಮುದ್ದೆ ಕಟ್ಟೋಳು. ಏನು? ಹೂಂ, ಗೋಡೆ ಸವರ್ದೆ. ಗೆರೆ ಸಿಕ್ತು. ತಗ್ಗೂ ಸಿಕ್ತು. ಅವ್ರಿಗಾ? ತಡೀರಿ, ಅವ್ರಿಗೇ ಕೊಡ್ತೀನಿ..."

ಹನುಮಂತಯ್ಯ ಆಗಲೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಾಗಿಲು ದಾಟಿ, ಬಿಸಿಲು ಬಿದ್ದ ಮೆಟ್ಟಿಲುಗಳತ್ತ ನಡೆದುಬಿಟ್ಟಿದ್ದ.