ನೆನೆಸಿಟ್ಟ ಬಿಲ್ಲೆಗಳು

ಮಸರಕಲ್ಲಿನ ಶಶಿಕಲಾ ರಾಯಚೂರಿನಲ್ಲಿ ಏನು ಕೆಲಸ ಮಾಡುತ್ತಾಳೆ ಎಂದು ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದವರಿಗೆಲ್ಲ ಹೇಳಿ ಹೇಳಿ, ಅವಳ ತಾಯಿ ಅದನ್ನು ಒಂದೇ ಮಾತಿಗೆ ಇಳಿಸಿಬಿಟ್ಟಿದ್ದಾಳೆ: "ಮಂದಿ ಆಡು ಸಾಕ್ತಾರ, ಕೋಳಿ ಸಾಕ್ತಾರ. ನನ್ನ ಮಗಳು ಹಲ್ಲಿನ್ಯಾಗಿನ ಜೀವ ಸಾಕ್ತಾಳ."

ಮಾತು ಸುಳ್ಳಲ್ಲ. ದಂತ ಕಾಲೇಜೊಂದರ ಪ್ರಯೋಗಾಲಯದಲ್ಲಿ, ಕಿತ್ತ ಹಲ್ಲಿನ ತಿರುಳಿನಿಂದ ತೆಗೆದ ಜೀವಕೋಶಗಳನ್ನು ಪ್ಲಾಸ್ಟಿಕ್ ತಟ್ಟೆಗಳಲ್ಲಿ ಬೆಳೆಸುವುದು ಅವಳ ಕೆಲಸ. ಹುಳುಕು ಹಲ್ಲಿಗೆ ತುಂಬುವ ಸಿಮೆಂಟು ಹೊಸದು ಬಂದರೆ, ಮನುಷ್ಯರ ಬಾಯಿಗೆ ಹಾಕುವ ಮೊದಲು ಅದನ್ನು ಈ ಕೋಶಗಳ ಮೇಲೆ ಪರೀಕ್ಷಿಸಬೇಕು. ಅವು ಬದುಕಿದರೆ ಸಿಮೆಂಟು ಮುಂದಿನ ಪರೀಕ್ಷೆಗೆ ಹೋಗುತ್ತದೆ, ಸತ್ತರೆ ಅಲ್ಲಿಗೇ ನಿಲ್ಲುತ್ತದೆ.

ಕೋಶಗಳಿಗೆ ರಜೆ ಗೊತ್ತಿಲ್ಲ. ದಿನ ಬಿಟ್ಟು ದಿನ ಹಳೆಯ ಆಹಾರ ತೆಗೆದು ಗುಲಾಬಿ ಬಣ್ಣದ ಹೊಸ ದ್ರವ ಹಾಕಬೇಕು, ಮೈಶಾಖದಷ್ಟೇ ಬೆಚ್ಚಗಿಡಬೇಕು, ಇಕ್ಕಟ್ಟಾದರೆ ಬೇರೆ ತಟ್ಟೆಗೆ ಬಿಡಿಸಬೇಕು. ಇದೂ ಒಂದು ಅಡುಗೆಮನೆಯೇ ಎಂದು ಅವಳಿಗೆ ಅನಿಸಿದ್ದು ಮದುವೆಯಾಗಿ ಮಾನ್ವಿಗೆ ಹೋದ ಮೇಲೆ. ಮಾಡಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಮಾಡದೆ ಬಿಟ್ಟದ್ದು ಮಾತ್ರ ಎಲ್ಲರಿಗೂ ಕಾಣುತ್ತದೆ. ವ್ಯತ್ಯಾಸ ಇಷ್ಟೇ, ಇಲ್ಲಿ ಸಂಬಳ ಕೊಡುತ್ತಾರೆ.

ವಾರವೆಲ್ಲ ರಾಯಚೂರಿನ ಬಾಡಿಗೆ ಕೋಣೆ, ಶನಿವಾರ ಸಂಜೆ ಮಾನ್ವಿ ಬಸ್ಸು. ಅಲ್ಲಿ ಗಂಡ ಅನಿಲಕುಮಾರ, ಹೈಸ್ಕೂಲು ಮೇಷ್ಟ್ರು. ಮಾವ ಮೌನಪ್ಪ, ಅತ್ತೆ ವೆಂಕಮ್ಮ. ಚೀಕಲಪರ್ವಿಯ ಹತ್ತಿರ ಹೊಳೆಯ ದಂಡೆಗೆ ಒಂದು ತುಂಡು ಹೊಲ.

ಈ ಚಳಿಗಾಲ ಪರೀಕ್ಷೆಗೆ ಎರಡು ಹೊಸ ಸಿಮೆಂಟು ಬಂದವು. ಶಶಿಕಲಾ ಅವುಗಳಿಂದ ಅಂಗಿ ಗುಂಡಿಯಷ್ಟು ಸಣ್ಣ ಬಿಲ್ಲೆಗಳನ್ನು ಮಾಡಿ, ಉಜ್ಜಿ ನುಣುಪಾಗಿಸಿದಳು. ಕೋಶಗಳನ್ನು ಕೊಲ್ಲುತ್ತದೆಂದು ಮೊದಲೇ ಗೊತ್ತಿರುವ ಹಳೆಯ ಸಿಮೆಂಟಿನ ಬಿಲ್ಲೆಯೊಂದೂ ಜೊತೆಗಿರುತ್ತದೆ. ಅದು ಕೊಂದರೆ ಮಾತ್ರ ಪರೀಕ್ಷೆ ಸರಿಯಾಗಿದೆ ಎಂದರ್ಥ. ಬಿಲ್ಲೆಗಳನ್ನು ಕೋಶಗಳ ಆಹಾರದಲ್ಲಿ ಒಂದು ದಿನ ಇಟ್ಟು, ಆ ಆಹಾರವನ್ನು ತಟ್ಟೆಯಲ್ಲಿ ಒಂದೊಂದು ಸಿಮೆಂಟಿಗೆ ಒಂದೊಂದು ಸಾಲಿನಂತೆ ಕೋಶಗಳಿಗೆ ಉಣಿಸಿ, ಮರುದಿನ ಹಳದಿ ಬಣ್ಣದ ದ್ರವ ಹಾಕುತ್ತಾರೆ. ಬದುಕಿದ ಕೋಶಗಳು ಹಳದಿಯನ್ನು ನೇರಳೆ ಮಾಡುತ್ತವೆ. ಸತ್ತವು ಏನನ್ನೂ ಮಾಡುವುದಿಲ್ಲ.

ತಟ್ಟೆ ತುಂಬ ನೇರಳೆ ಬಂತು. ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಅನುರಾಧಾ ಬಗ್ಗಿ ನೋಡಿ, ಮುಖ ಅರಳಿಸಿ, ಆಮೇಲೆ ಹುಬ್ಬು ಗಂಟಿಕ್ಕಿದರು. ಹಳೆಯ ಸಿಮೆಂಟಿನ ಸಾಲೂ ನೇರಳೆಯಾಗಿತ್ತು. ಕೊಲ್ಲಬೇಕಾದದ್ದು ಕೊಂದಿರಲಿಲ್ಲ.

ಎಲ್ಲಿ ತಪ್ಪಿತೆಂದು ಇಬ್ಬರಿಗೂ ಹೊಳೆಯಲಿಲ್ಲ. ಈ ಕೋಶಗಳು ಮುದಿಯಾಗುತ್ತಿವೆ, ಇನ್ನೊಂದೇ ಸಲ ಪರೀಕ್ಷೆಗೆ ಬರುತ್ತವೆ, ಆಗಲೂ ಹೀಗಾದರೆ ಕೆಲಸವನ್ನು ಬೇರೆಯವರಿಗೆ ಒಪ್ಪಿಸಬೇಕಾಗುತ್ತದೆ ಎಂದರು ಅನುರಾಧಾ. ಬೈದು ಹೇಳಿದ್ದರೆ ಶಶಿಕಲಾಗೆ ಅಷ್ಟು ನೋಯುತ್ತಿರಲಿಲ್ಲ.

ಆ ಭಾನುವಾರ ಮಾನ್ವಿಯಲ್ಲಿ ಬೆಳಗಾದಾಗ ಅಡುಗೆಮನೆಯ ಮೂಲೆಯಲ್ಲಿ ಹೊಸ ಗಡಿಗೆ ಇತ್ತು. ಎಳ್ಳಮಾವಾಸ್ಯೆಗೆಂದು ವೆಂಕಮ್ಮ ತಂದು, ರಾತ್ರಿ ನೀರು ತುಂಬಿಟ್ಟಿದ್ದಳು. ಯಾರೂ ಹೇಳದೆ ಶಶಿಕಲಾ ಅದನ್ನು ಎತ್ತಿ, ಮಣ್ಣುವಾಸನೆಯ ನೀರನ್ನು ಕರಿಬೇವಿನ ಬುಡಕ್ಕೆ ಚೆಲ್ಲಿ, ಹೊಸ ನೀರು ತುಂಬಿದಳು. ಕೈ ಅಲ್ಲೇ ನಿಂತಿತು. ಬಿಲ್ಲೆಗಳಿಗೂ ಅವಳು ಇದನ್ನೇ ಮಾಡಿದ್ದಳು. ಉಜ್ಜಿದ ಧೂಳು ಹೋಗಲೆಂದು ಒಮ್ಮೆ ತೊಳೆಯಬೇಕಾದದ್ದನ್ನು ರಾತ್ರಿಯೆಲ್ಲ ಶುದ್ಧ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ನೀರು ಚೆಲ್ಲಿದ್ದಳು. ತಲೆಯನ್ನು ಕೇಳದೆ ಕೈಯೇ ಮಾಡಿದ ಕೆಲಸ. ಮೊದಲ ರಾತ್ರಿ ಸಿಮೆಂಟಿನಿಂದ ಇಳಿಯುವ ವಿಷವೇ ಕೋಶಗಳು ನೋಡಬೇಕಾದ ವಿಷ. ಅದು ಬಚ್ಚಲಿಗೆ ಹೋಗಿತ್ತು. ರೋಗಿಯ ಹಲ್ಲಿಗೆ ತುಂಬುವ ಮುಂಚೆ ಯಾವ ಡಾಕ್ಟರು ಸಿಮೆಂಟನ್ನು ನೆನೆಹಾಕುತ್ತಾರೆ?

ಸೊಸೆ ಹೇಳಿದ್ದು ಕೇಳಿ ವೆಂಕಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. "ಗಡಿಗಿ ಪಳಗಿಸಿದಂಗ ಸಿಮೆಂಟ್ ಪಳಗಿಸೀದೇನು?"

ಆದರೆ ಎರಡನೆಯ ಪರೀಕ್ಷೆಯ ಬಣ್ಣ ನೋಡುವ ದಿನ ಅಮಾವಾಸ್ಯೆಯಂದೇ ಬೀಳುತ್ತದೆ, ಹಿಂದಿನ ದಿನ ರೊಟ್ಟಿಗೆ ತಾನು ಇರುವುದಿಲ್ಲ ಎಂದು ಶಶಿಕಲಾ ಹೇಳಿದಾಗ ಆ ನಗು ನಿಂತಿತು. ಹೊಲದ ತುಂಬ ಎಡೆ ಎರಚಿ ಚರಗ ಚೆಲ್ಲುವ ಹಬ್ಬವೆಂದರೆ ಮನೆಗೆ, ನೆಂಟರಿಗೆ, ಭೂಮಿತಾಯಿಗೆ ಸೇರಿ ಬುಟ್ಟಿಗಟ್ಟಲೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ.

"ನೀ ಬರಲಿಲ್ಲಂದ್ರ ನಿನ್ನ ಪಾಲಿನ ರೊಟ್ಟಿ ಯಾರ ಕೈಗೆ ಬರ್ತಾವ, ಗೊತ್ತದ ಏನು?"

ಶಶಿಕಲಾಗೆ ಗೊತ್ತಿತ್ತು. ಸೊಸೆಯ ಬಿಡುವು ಯಾವಾಗಲೂ ಅತ್ತೆಯ ಸೊಂಟದ ಮೇಲೇ ಬಂದು ಕೂರುತ್ತದೆ.

ಪೇಪರು ಓದುತ್ತಿದ್ದ ಅನಿಲಕುಮಾರ ದೊಡ್ಡ ಮನಸ್ಸು ಮಾಡಿದ. "ಹೋಗ್ಲಿ ಬಿಡವ್ವಾ, ಆಕೀಗೂ ಕೆಲಸ ಅದ. ಈ ವರ್ಷ ನೀ ಒಬ್ಬಾಕೀನ ಮಾಡು."

ವೆಂಕಮ್ಮ ಮಗನ ಮುಖ ನೋಡಿ, ಆತು ಎಂದಳು.

ಅಮಾವಾಸ್ಯೆಯ ಹಿಂದಿನ ದಿನ ಶಶಿಕಲಾ ಹೊಸ ಬಿಲ್ಲೆಗಳ ದ್ರವವನ್ನು ಕೋಶಗಳಿಗೆ ಉಣಿಸಿ ಹೊರಗೆ ಬಂದರೆ, ವಾಚ್‌ಮನ್ನನ ಪಕ್ಕದ ಬೆಂಚಿನ ಮೇಲೆ ಕೈಚೀಲ ಹಿಡಿದು ವೆಂಕಮ್ಮ ಕೂತಿದ್ದಳು.

"ಹಿಟ್ಟು ಸಾಣಿಸಿ, ಎಳ್ಳು ತೊಳದು, ಒಲಿ ಮುಂದ ಇಟ್ಟು ಬಂದೀನಿ. ಅಪ್ಪ ಮಗ ಇಬ್ರೂ ಮನ್ಯಾಗ ಅದಾರ. ನಾ ನಿನ್ನ ಜೀವ ನೋಡಾಕ ಬಂದೀನಿ."

ಅತ್ತೆ ಸೊಸೆ ಕೋಣೆ ಸೇರಿ ಚಹಾ ಕುಡಿಯುವಷ್ಟರಲ್ಲಿ ಅನಿಲಕುಮಾರನ ಫೋನು ಶುರುವಾಯಿತು. ಹಿಟ್ಟಿಗೆ ಬಿಸಿನೀರು ಎಷ್ಟು? ಬಡಿಯುವಾಗ ಅಂಚು ಯಾಕೆ ಸೀಳುತ್ತದೆ? ಹಂಚಿನಿಂದ ಎಬ್ಬಿಸುವುದು ಹೇಗೆ? "ನಿನ್ನ ಕೈಗೆ ಕೇಳಪ್ಪಾ. ನಾ ಹಂಗ ಕಲ್ತಿದ್ದು" ಎಂದು ವೆಂಕಮ್ಮ ಫೋನನ್ನು ದಿಂಬಿನ ಕೆಳಗಿಟ್ಟಳು.

ಬೆಳಿಗ್ಗೆ ಅನುರಾಧಾ ತಾವೇ ಕುರ್ಚಿ ಎಳೆದು ವೆಂಕಮ್ಮನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಕೊನೆಗೆ ಎರಡನ್ನೂ ತೆರೆದು ನೋಡಿದ ವೆಂಕಮ್ಮ, ಜೀರಿಗೆ ಚೆಲ್ಲಿದಂಗ ಅದಾವಲ್ಲ ಎಂದಳು. ಶಶಿಕಲಾ ಹಳದಿ ದ್ರವ ಹಾಕಿ ತಟ್ಟೆಯನ್ನು ಬೆಚ್ಚಗಿಟ್ಟಳು.

ಮೂರು ಗಂಟೆಯ ಮೇಲೆ ತಟ್ಟೆ ಹೊರಗೆ ಬಂತು. ಹಳೆಯ ಸಿಮೆಂಟಿನ ಸಾಲು ಅಪ್ಪಟ ಹಳದಿಯಾಗೇ ಉಳಿದಿತ್ತು. ಹೊಸದರಲ್ಲಿ ಒಂದು ಕಡುನೇರಳೆ, ಇನ್ನೊಂದು ಅರೆಬರೆ ತಿಳಿನೇರಳೆ. ಹೋದ ಸಲ ಎರಡೂ ಒಳ್ಳೆಯವೆನಿಸಿದ್ದವು.

"ಇದನ್ನ ನಂಬಬಹುದು" ಎಂದರು ಅನುರಾಧಾ. "ಮುಂದಿನ ಸಿಮೆಂಟೂ ನೀನೇ ನೋಡು, ಶಶಿಕಲಾ."

ಇಬ್ಬರೂ ಮಾನ್ವಿ ಬಸ್ಸು ಹಿಡಿದು ಚೀಕಲಪರ್ವಿಯ ಹೊಲ ಮುಟ್ಟುವಾಗ ಹೊತ್ತು ಇಳಿದಿತ್ತು. ಚರಗ ಮುಗಿಸಿದ ಗಂಡಸರು ಬನ್ನಿಗಿಡದ ನೆರಳಲ್ಲಿ ಕೂತಿದ್ದರು. ಮೌನಪ್ಪನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು, ಅನಿಲಕುಮಾರನ ಕಿವಿಯಲ್ಲಿ ಇನ್ನೂ ಹಿಟ್ಟಿತ್ತು. ಅವನು ಬುಟ್ಟಿಯ ಬಟ್ಟೆ ಸರಿಸಿ, ಪರೀಕ್ಷೆ ಬರೆದ ಹುಡುಗನಂತೆ ತಾಯಿಯ ಮುಖ ನೋಡಿದ.

ವೆಂಕಮ್ಮ ಒಂದು ರೊಟ್ಟಿ ಎತ್ತಿ ಮುರಿಯಲು ನೋಡಿದಳು. ಅದು ಮುರಿಯಲಿಲ್ಲ. ತಿರುಗಿಸಿ ಬೆರಳಿನಿಂದ ಬಡಿದಳು, ಹಂಚಿನಂತೆ ಸಪ್ಪಳ ಮಾಡಿತು. ಅವಳು ಅದನ್ನು ಸೊಸೆಯ ಕೈಗೆ ಕೊಟ್ಟಳು.

"ತಗೋ ಯವ್ವಾ ಶಶಿ. ಇದನ್ನ ಮಾತ್ರ ನೀ ರಾತ್ರಿಯೆಲ್ಲಾ ನೆನಿಹಾಕು."